ಮಗ ಹೇಳಿದ್ದು ಫೆಬ್ರವರಿ, ಭಾವ ಹೇಳಿದ್ದು ಜುಲೈ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಎರಡು ಎಕರೆ ಅಡಿಕೆ ತೋಟ, 5 ಎಚ್‌ಪಿ ಪಂಪು, ಕರೆಂಟ್ ಹೋದ್ರೆ ಇರ್ಲಿ ಅಂತ ಹಳೇ ಡೀಸೆಲ್ ಪಂಪೂ ಉಂಟು. ಮನೆಗೆ ಎರಡು ತಿಂಗಳಿಗೆ 540 ಯೂನಿಟ್ ಆಗ್ತದೆ. ಸೋಲಾರ್ ಹಾಕುವಾ, ಇನ್ನು ಕಲ್ಲಿದ್ದಲು ಡೀಸೆಲಿನ ಕಾಲ ಮುಗೀತು ಅಂತ ಮಗ ಹೇಳ್ತಾನೆ. ಬೆಂಗಳೂರಲ್ಲಿರುವ ಭಾವ ಹೇಳುದು ಇದೆಲ್ಲ ಶೋಕಿ, ಮಳೆಗಾಲದಲ್ಲಿ ಸೋಲಾರ್ ಮಲಗ್ತದೆ, ಗಾಳಿ ನಿಮ್ಮಲ್ಲಿ ಇಲ್ಲ, ಕೊನೆಗೆ ಕಲ್ಲಿದ್ದಲೇ ಗತಿ ಅಂತ. ಸೋಲಾರ್, ಗಾಳಿ, ನೀರು, ಗೋಬರ್ ಗ್ಯಾಸ್ ಇದ್ರಲ್ಲಿ ನಿಜವಾಗಿ ಅದರ ಜಾಗಕ್ಕೆ ನಿಲ್ಲುವಂಥದ್ದು ಯಾವುದು? ಸಾಲ ಮಾಡಿ 3 ಕಿಲೋವಾಟ್ ಹಾಕ್ಬಹುದಾ?

ಉತ್ತರ: ನಿಮ್ಮ ಮಗನೂ ಸರಿ, ಭಾವನೂ ಸರಿ, ಇಬ್ರೂ ಬೇರೆ ಬೇರೆ ತಿಂಗಳ ಬಗ್ಗೆ ಮಾತಾಡ್ತಾ ಇದ್ದಾರೆ ಅಷ್ಟೇ. ಮಗನ ತಲೇಲಿ ಇರುದು ಫೆಬ್ರವರಿ, ಅಂಗಳದಲ್ಲಿ ಅಡಿಕೆ ಹರಡಿ ಬೆನ್ನು ಸುಡುವ ಬಿಸಿಲು. ಭಾವನ ತಲೇಲಿ ಇರುದು ಜುಲೈ, ಆಟಿ ತಿಂಗಳ ಮಳೆ, ಹಗಲು ಹನ್ನೊಂದಕ್ಕೂ ಅಡಿಗೆಕೋಣೆಯಲ್ಲಿ ಲೈಟ್ ಬೇಕಾಗುವ ದಿನ. ನಾನು ಮೂವತ್ತು ವರ್ಷ ಈ ಕರೆಂಟಿನ ಕೆಲಸದಲ್ಲೇ ಇದ್ದವ, ಜನ ನನ್ನ ಹತ್ರ ಬಂದು ಕೇಳುದು ಯಾವಾಗ್ಲೂ ಒಂದೇ, ಯೂನಿಟಿಗೆ ಎಷ್ಟು ಬೀಳ್ತದೆ ಅಂತ. ಆ ಯೂನಿಟ್ ಎಷ್ಟು ಗಂಟೆಗೆ ಬರ್ತದೆ, ಯಾವ ತಿಂಗಳಲ್ಲಿ ಬರ್ತದೆ ಅಂತ ಒಬ್ರೂ ಕೇಳುದಿಲ್ಲ. ಕಲ್ಲಿದ್ದಲಿನ ಇಡೀ ತಾಕತ್ತು ಇರುದೇ ಅಲ್ಲಿ ಮಾರಾಯ್ರೆ, ಅದು ಕೊಟ್ಟಿಗೆಯಲ್ಲಿ ರಾಶಿ ಹಾಕಿದ ಸೌದೆ ಹಾಗೆ, ಬೇಕಾದಾಗ ಒಲೆಗೆ ಹಾಕ್ಬಹುದು. ಬಿಸಿಲು, ಗಾಳಿ, ತೋಡಿನ (ಸಣ್ಣ ಹಳ್ಳದ) ನೀರು ಇವೆಲ್ಲ ತಮಗೆ ಬೇಕಾದಾಗ ಬರುವ ನೆಂಟರು.

ಮೊದ್ಲು ಒಂದು ಗೊಂದಲ ಬಿಡಿಸ್ಬೇಕು. ಕಲ್ಲಿದ್ದಲು ಡೀಸೆಲ್ ಅಂತ ನೀವು ಒಟ್ಟಿಗೆ ಬರ್ದಿದ್ದೀರಿ, ಆದ್ರೆ ನಿಮ್ಮ ಮನೆಗೆ ಇವು ನಾಲ್ಕು ದಾರಿಯಲ್ಲಿ ಬರ್ತವೆ: ಗ್ಯಾಸ್ ಸಿಲಿಂಡರ್, ಸ್ಕೂಟರಿನ ಪೆಟ್ರೋಲ್, ಆ ಹಳೇ ಪಂಪಿನ ಡೀಸೆಲ್, ಮತ್ತೆ ಸ್ವಿಚ್ಚಿನ ಹಿಂದೆ ಕಾಣದ ಹಾಗೆ ಇರುವ ಕಲ್ಲಿದ್ದಲು. ಕೇರಳ ತನಗೆ ಬೇಕಾದ ಕರೆಂಟಿನ ದೊಡ್ಡ ಪಾಲು ಹೊರಗಿಂದ ತರ್ತದೆ, ಇಡುಕ್ಕಿಯ 780 ಮೆಗಾವಾಟ್ ಎಲ್ಲ ಇದ್ರೂ ಸಾಕಾಗುದಿಲ್ಲ, ಮತ್ತೆ ದೇಶದಲ್ಲಿ ಉತ್ಪಾದನೆ ಆಗುವ ಕರೆಂಟಲ್ಲಿ ಹತ್ರಹತ್ರ ಮುಕ್ಕಾಲು ಪಾಲು ಇವತ್ತಿಗೂ ಕಲ್ಲಿದ್ದಲಿಂದು. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಒಂದು ಯೂನಿಟ್ ಮಾಡ್ಲಿಕ್ಕೆ ಸುಮಾರು 600ರಿಂದ 700 ಗ್ರಾಂ ಉರಿಸ್ಬೇಕು. ನಿಮ್ಮ 540 ಯೂನಿಟಿಗೆ ಲೆಕ್ಕ ಹಾಕಿ, ಎಲ್ಲ ಕಲ್ಲಿದ್ದಲಿಂದಲೇ ಬಂದಿದ್ರೆ ಎರಡು ತಿಂಗಳಿಗೆ ಐದಾರು ಗೋಣಿಯಷ್ಟು, ಮೂರೂವರೆ ಕ್ವಿಂಟಾಲ್. ಅಷ್ಟನ್ನು ನಿಮ್ಮ ಅಂಗಳದಲ್ಲೇ ತಂದು ಸುಟ್ಟಿದ್ರೆ ಭಾವ ಒಂದು ವಾರ ಕೂಡ ನಿಮ್ಮಲ್ಲಿ ಉಳೀತಿರ್ಲಿಲ್ಲ. ಚೀಮೇನಿಯಲ್ಲಿ ಕಲ್ಲಿದ್ದಲಿನ ಪ್ಲಾಂಟ್ ಮಾಡುವ ಅಂತ ಒಂದು ಕಾಲದಲ್ಲಿ ಮಾತು ಬಂದಾಗ ನಮ್ಮ ಜಿಲ್ಲೆಯ ಜನ ಬೇಡ ಅಂದ್ರು, ಸರಿಯಾಗೇ ಅಂದ್ರು, ಆದ್ರೆ ಸ್ವಿಚ್ ಹಾಕುದನ್ನು ನಾವೇನು ನಿಲ್ಲಿಸ್ಲಿಲ್ಲ, ಹೊಗೆ ಬೇರೆಯವರ ಊರಲ್ಲಿ ಹೋಗ್ತಾ ಇದೆ ಅಷ್ಟೇ.

ಎರಡನೇ ಗೊಂದಲ ಪೇಪರಿನವರು ಮಾಡುದು. 2025ರ ಜೂನ್ ಹೊತ್ತಿಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಗ್ಯಾಸ್ ಅಲ್ಲದ್ದು ಅಂತ ದೊಡ್ಡ ಸುದ್ದಿ ಬಂತು, ಸುದ್ದಿ ಸುಳ್ಳಲ್ಲ. ಆದ್ರೆ ಆಗ್ಲೇ ಹೇಳಿದೆ, ಉತ್ಪಾದನೆಯಲ್ಲಿ ಮುಕ್ಕಾಲು ಪಾಲು ಕಲ್ಲಿದ್ದಲು ಅಂತ. ಎರಡೂ ಹೇಗೆ ನಿಜ ಆಗ್ತದೆ? ನಮ್ಮ ಪೈವಳಿಕೆಯನ್ನೇ ನೋಡಿ, ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ 250 ಎಕರೆಯಲ್ಲಿ 50 ಮೆಗಾವಾಟಿನ ಸೋಲಾರ್ ಪ್ಲಾಂಟ್ ಉಂಟಲ್ಲ, 2021ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು. ಆ 50 ಅನ್ನುದು ನೆತ್ತಿ ಮೇಲೆ ಸೂರ್ಯ ಇದ್ದಾಗಿನ ಲೆಕ್ಕ. ರಾತ್ರಿ ಸೊನ್ನೆ, ಬೆಳಿಗ್ಗೆ ಸಂಜೆ ಕಾಲು ಭಾಗ, ಮಳೆಗಾಲದಲ್ಲಿ ಇನ್ನೂ ಕಡಿಮೆ, ಹೀಗೆ ವರ್ಷ ಪೂರ್ತಿ ಸರಾಸರಿ ತೆಗೆದ್ರೆ ಸೋಲಾರ್ ತನ್ನ ಬೋರ್ಡಿನಲ್ಲಿ ಬರ್ದ ಸಂಖ್ಯೆಯ ಐದರಲ್ಲಿ ಒಂದು ಪಾಲು ಕೊಡ್ತದೆ. ಅಂದ್ರೆ 50 ಮೆಗಾವಾಟ್ ಅಂದ್ರೆ ಹಗಲು ರಾತ್ರಿ ಒಂದೇ ಸಮ ಓಡುವ 10 ಮೆಗಾವಾಟಿನ ಪ್ಲಾಂಟಿಗೆ ಸಮ. ಇದನ್ನು ಹೇಳಿದ್ರೆ ಸೋಲಾರ್ ವಿರೋಧಿ ಅಂತಾರೆ, ನಾನು ವಿರೋಧಿ ಅಲ್ಲ, ನನ್ನ ಮನೆ ಮೇಲೂ ಉಂಟು.

ಈಗ ನಿಮ್ಮ ಮನೆ. ನಮ್ಮ ಕಡೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡ್ತದೆ, ಜಾಗ ಸುಮಾರು ನೂರು ಚದರಡಿ ಬೇಕು. 3 ಕಿಲೋವಾಟಿಗೆ 12 ಯೂನಿಟ್. ಫೆಬ್ರವರಿ ಮಾರ್ಚಲ್ಲಿ 14ರ ಹತ್ರ ಹೋಗ್ತದೆ, ಜುಲೈಯಲ್ಲಿ ಅದರ ಅರ್ಧ, ಬಿಡದೆ ಹೊಯ್ಯುವ ದಿನ ಎರಡು ಮೂರು ಯೂನಿಟ್ ಬಂದ್ರೆ ಪುಣ್ಯ. ಬೇಸಿಗೆಯಲ್ಲಿ ಇನ್ನೊಂದು ತಮಾಷೆ ಉಂಟು, ಪ್ಯಾನೆಲಿಗೆ ಬೆಳಕು ಬೇಕು ಬಿಸಿ ಬೇಡ, 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಕಮ್ಮಿ ಆಗ್ತಾ ಹೋಗ್ತದೆ, ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ ಮುಟ್ಲಿಕ್ಕಾಗದ ಹಾಗೆ ಕಾಯ್ದಿರುವಾಗ ಅದು ಭಾರೀ ಉತ್ಸಾಹದಲ್ಲೇನೂ ಇರುದಿಲ್ಲ. ಅದಕ್ಕೇ ಪ್ಯಾನೆಲನ್ನು ಶೀಟಿಗೆ ಅಂಟಿಸಿದ ಹಾಗೆ ಕೂರಿಸ್ಬೇಡಿ, ಅಡಿಯಲ್ಲಿ ಗಾಳಿ ಆಡ್ಲಿ.

ತೋಟದ ಮನೆಯವರಿಗೆ ನಾನು ಮೊದ್ಲು ನೋಡುದು ನೆರಳು. ಅಡಿಕೆ ಮರ ಸಪೂರ, ಅದರ ನೆರಳೇನು ಮಹಾ ಅಂತ ಕಾಣ್ತದೆ, ಆದ್ರೆ ಪ್ಯಾನೆಲುಗಳನ್ನು ಸಾಲಾಗಿ ಒಂದಕ್ಕೊಂದು ಪೋಣಿಸಿರ್ತಾರೆ, ಪೈಪಿನ ಒಂದು ಕಡೆ ಕಾಲಿಟ್ಟು ಒತ್ತಿದ್ರೆ ಇಡೀ ಪೈಪಲ್ಲಿ ನೀರು ಕಮ್ಮಿ ಆಗುದಿಲ್ವಾ, ಹಾಗೆ. ಒಂದು ಸೋಗೆಯ ನೆರಳು ಒಂದು ಪ್ಯಾನೆಲಿನ ಮೇಲೆ ಬಿದ್ರೂ ಇಡೀ ಸಾಲಿಗೆ ಪೆಟ್ಟು ಬೀಳ್ಬಹುದು, ನೆರಳು ಬಿದ್ದ ಭಾಗ ಬಿಟ್ಟು ಕರೆಂಟ್ ದಾಟ್ಲಿ ಅಂತ ಒಳಗೆ ಡಯೋಡ್ ಇಟ್ಟಿರ್ತಾರೆ ಸ್ವಲ್ಪ ಉಳಿಸ್ತದೆ, ಪೂರ್ತಿ ಅಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾಡಿನ (ಮನೆ ಛಾವಣಿಯ) ಮೇಲೆ ಯಾವ ಮರದ ನೆರಳು ಎಲ್ಲಿ ಬೀಳ್ತದೆ ಅಂತ ನೀವೇ ನೋಡಿ ಗುರುತು ಹಾಕಿ, ಅದೂ ಡಿಸೆಂಬರಲ್ಲಿ ಒಮ್ಮೆ, ಯಾಕಂದ್ರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ ನೆರಳು ಉದ್ದ. ಏಜೆನ್ಸಿಯವರು ಅರ್ಧ ಗಂಟೆಗೆ ಬಂದು ಹೋಗುವವರು, ಅವರಿಗೆ ಇದೆಲ್ಲ ಕಾಣುದಿಲ್ಲ.

ಇನ್ನೊಂದು ವಿಷಯ ಯಾರೂ ಮೊದ್ಲೇ ಹೇಳುದಿಲ್ಲ, ಹಾಕಿ ಆದ ಮೇಲೆ ಗೊತ್ತಾಗಿ ಜನ ಬೈತಾರೆ. ಸಾಮಾನ್ಯ ಆನ್-ಗ್ರಿಡ್ ಸೋಲಾರ್, ಅಂದ್ರೆ ಊರಿನ ಲೈನಿಗೇ ಜೋಡಿಸಿದ್ದು, ಲೈನಲ್ಲಿ ಕರೆಂಟ್ ಹೋದ ಕ್ಷಣ ಅದೂ ನಿಲ್ತದೆ. ಹೊರಗೆ ಬೆಂಕಿಯಂಥ ಬಿಸಿಲಿದ್ರೂ ನಿಮ್ಮ ಫ್ಯಾನ್ ತಿರುಗುದಿಲ್ಲ. ಅದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು, ಲೈನ್ ಆಫ್ ಮಾಡಿ ಕಂಬ ಹತ್ತಿದವನಿಗೆ ನಿಮ್ಮ ಮಾಡಿನ ಕರೆಂಟ್ ಹೊಡೀಬಾರ್ದಲ್ಲ. ಮಳೆ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಲೈನ್ ಹೋಗುವ ನಿಮ್ಮಂಥ ಒಳಗಿನ ಊರಿಗೆ ಹೈಬ್ರಿಡ್ ಇನ್ವರ್ಟರ್ (ಲೈನಿಗೂ ಬ್ಯಾಟರಿಗೂ ಕೂಡುವಂಥದ್ದು) ಜೊತೆಗೆ ಸಣ್ಣ ಬ್ಯಾಟರಿ ಬೇಕಾಗ್ತದೆ, ಖರ್ಚು ಏರ್ತದೆ, ಮೊದ್ಲೇ ನಿರ್ಧಾರ ಮಾಡಿ. ಮತ್ತೆ ಅರ್ತಿಂಗ್. ನಮ್ಮ ಮುರಕಲ್ಲಿನ (ಕೆಂಪು ಕಲ್ಲಿನ) ಜಾಗ ಬೇಸಿಗೆಯಲ್ಲಿ ಒಣಗಿದ್ರೆ ಅರ್ತಿಂಗ್ ಏನೂ ಹಿಡಿಯುದಿಲ್ಲ, ಅದೇ ಹೊತ್ತಿಗೆ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲು ಶುರುವಾಗುದು. ಬಚ್ಚಲಿನ ನೀರು ಹೋಗುವ ಕಡೆ, ಬಾಳೆ ಬುಡ, ಎಲ್ಲಾದ್ರೂ ವರ್ಷ ಪೂರ್ತಿ ತಂಪಿರುವ ಜಾಗದಲ್ಲಿ ಗುಂಡಿ ತೆಗೆಸಿ, ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಸಾವಿರ ಎರಡು ಸಾವಿರಕ್ಕೆ ಜಿಪುಣತನ ಮಾಡಿ ಇನ್ವರ್ಟರ್ ಸುಟ್ಟುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ದುಡ್ಡಿನ ಲೆಕ್ಕ ಹೀಗೆ. ಕೇರಳದಲ್ಲಿ ಮನೆಯ ಕರೆಂಟ್ ತಿಂಗಳಿಗೆ 250 ಯೂನಿಟ್ ಒಳಗಿದ್ರೆ ಮೆಟ್ಟಿಲು ಮೆಟ್ಟಿಲಾಗಿ ರೇಟು, ಮೊದಲ 50ಕ್ಕೆ ಕಮ್ಮಿ, ಆಮೇಲೆ ಏರ್ತಾ ಹೋಗುದು. 250 ದಾಟಿದ್ರೆ ಆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟಿನಿಂದಲೇ ಒಂದೇ ಮೇಲಿನ ರೇಟು. ನೀವು ಎರಡು ತಿಂಗಳಿಗೆ 540, ಅಂದ್ರೆ ಗಡಿ 500, ಬರೀ 40 ಯೂನಿಟಿಗೋಸ್ಕರ ಇಡೀ ಬಿಲ್ಲು ಮೇಲೆ ಹೋಗ್ತಾ ಉಂಟು. ಹಳೇ ಫ್ಯಾನ್ ನಾಲ್ಕು ತೆಗೆದು ಕಮ್ಮಿ ಕರೆಂಟ್ ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ, ಹಳೇದು 75 ವಾಟ್ ಎಳೀತದೆ ಇದು 30 ವಾಟ್, ದಿನಕ್ಕೆ ಹತ್ತು ಗಂಟೆ ಓಡುವ ನಾಲ್ಕು ಫ್ಯಾನಿಗೆ ಎರಡು ತಿಂಗಳಲ್ಲಿ ನೂರು ಯೂನಿಟ್ ಉಳೀತದೆ, ಸೋಲಾರ್ ಇಲ್ಲದೇ ಗಡಿಯಿಂದ ಕೆಳಗೆ ಬಂದ್ರಿ. ಇದನ್ನು ಮೊದ್ಲು ಮಾಡಿ, ಸಾಲ ಆಮೇಲೆ.

ಸೋಲಾರಿಗೆ ಕೇಂದ್ರದ ಸೂರ್ಯಘರ್ ಯೋಜನೆ, 2024ರಲ್ಲಿ ಶುರುವಾದ್ದು, 2 ಕಿಲೋವಾಟಿಗೆ 60,000, 3 ಮತ್ತೆ ಅದಕ್ಕಿಂತ ಮೇಲಿದ್ರೆ 78,000 ರೂಪಾಯಿ ಸಬ್ಸಿಡಿ ಕೊಡ್ತದೆ. ನಿಮ್ಮ ಬಳಕೆ ವರ್ಷಕ್ಕೆ 3,240 ಯೂನಿಟ್. 2 ಕಿಲೋವಾಟ್ ಸುಮಾರು 2,900 ಕೊಡ್ತದೆ. ಹಾಗಾದ್ರೆ ಬರೀ ಈಗಿನ ಬಿಲ್ಲಿಗೆ 3 ಕಿಲೋವಾಟ್ ಬೇಡವೇ ಬೇಡ, ಅದರಲ್ಲೂ ಫ್ಯಾನ್ ಬದಲಾಯಿಸಿದ್ರೆ 2 ಧಾರಾಳ ಸಾಕು. 3 ಹಾಕುದಾದ್ರೆ ಉಳಿದದ್ದಕ್ಕೆ ಕೆಲಸ ಕೊಡಿ. ಒಂದು ಸಿಲಿಂಡರ್ ಗ್ಯಾಸ್ ಮಾಡುವ ಅಡಿಗೆಯನ್ನು ಇಂಡಕ್ಷನಲ್ಲಿ ಮಾಡ್ಲಿಕ್ಕೆ ಹೆಚ್ಚುಕಮ್ಮಿ 125 ಯೂನಿಟ್ ಬೇಕು, ಒಂದೂವರೆ ತಿಂಗಳಿಗೆ ಒಂದು ಸಿಲಿಂಡರ್ ಅಂದ್ರೆ ವರ್ಷಕ್ಕೆ ಸಾವಿರ ಯೂನಿಟ್. ಕರೆಂಟ್ ಸ್ಕೂಟರ್ ಒಂದು ಯೂನಿಟಿಗೆ 30 ಕಿಲೋಮೀಟರ್ ಮೇಲೆ ಓಡ್ತದೆ, ದಿನಾ ಬದಿಯಡ್ಕ ಪೇಟೆಗೆ ಹೋಗಿ ಬಂದ್ರೂ ವರ್ಷಕ್ಕೆ ಇನ್ನೂರು ಚಿಲ್ಲರೆ. ಈಗ 3 ಕಿಲೋವಾಟಿಗೆ ಸರಿಯಾಗಿ ಹೊಂದಿತು ನೋಡಿ. ಮಗ ಕಲ್ಲಿದ್ದಲು ಡೀಸೆಲಿನ ಕಾಲ ಮುಗೀತು ಅಂದದ್ದಕ್ಕೆ ಅರ್ಥ ಬರುದು ಗ್ಯಾಸೂ ಪೆಟ್ರೋಲೂ ಮನೆಯಿಂದ ಹೊರಗೆ ಹೋದಾಗ, ಪ್ಯಾನೆಲ್ ಮಾಡು ಹತ್ತಿದಾಗ ಅಲ್ಲ.

ಆದ್ರೆ ಹಗಲು ಲೈನಿಗೆ ಕೊಟ್ಟು ರಾತ್ರಿ ವಾಪಸ್ ತೆಗೊಳ್ಳುದು ಅಂದ್ರೆ ನೆರೆಮನೆಯವರ ಫ್ರಿಜ್ಜಲ್ಲಿ ನಮ್ಮ ಹಾಲಿಟ್ಟ ಹಾಗೆ. ಒಬ್ರು ಇಟ್ರೆ ನಡೀತದೆ, ಊರಿಡೀ ತಂದಿಟ್ರೆ ಅವರೂ ಏನಾದ್ರೂ ಹೇಳ್ತಾರಲ್ಲ. ಈ ಕೊಟ್ಟು ತೆಗೊಳ್ಳುವ ಲೆಕ್ಕಕ್ಕೆ ನೆಟ್ ಮೀಟರಿಂಗ್ ಅಂತಾರೆ, ಅದರ ನಿಯಮ ಬದಲಾಗ್ತಾ ಉಂಟು, ದೊಡ್ಡ ಸಿಸ್ಟಂ ಹಾಕುವವರು ಬ್ಯಾಟರಿಯೂ ಇಡ್ಬೇಕು ಅನ್ನುವ ದಿಕ್ಕಿಗೆ ಹೋಗ್ತಾ ಉಂಟು. ಅರ್ಜಿ ಹಾಕುವ ದಿನ ಕರೆಂಟಿನ ಸೆಕ್ಷನ್ ಆಫೀಸಲ್ಲಿ ಆ ದಿನದ ನಿಯಮ ಕೇಳಿಯೇ ಸಹಿ ಹಾಕಿ, ಹೋದ ವರ್ಷ ಹಾಕಿದ ಷಡ್ಕನ ಮಾತು ಕೇಳಿ ಅಲ್ಲ.

ಪಂಪಿನ ವಿಷಯದಲ್ಲಿ ಸೋಲಾರಿಗೆ ನನ್ನ ಪೂರ್ತಿ ಓಟು. ಯಾಕಂದ್ರೆ ತೋಟಕ್ಕೆ ನೀರು ಬೇಕಾಗುದು ನವೆಂಬರ್ ಕೊನೆಯಿಂದ ಮೇವರೆಗೆ, ಬಿಸಿಲು ಇರುದೂ ಅದೇ ಹೊತ್ತಿಗೆ, ಕತ್ತಲೆಯಲ್ಲಿ ನೀರು ಬಿಡ್ಬೇಕು ಅಂತ ಅಡಿಕೆ ಮರ ಏನೂ ಹಠ ಮಾಡುದಿಲ್ಲ. ಬ್ಯಾಟರಿ ಬೇಡ, ಟ್ಯಾಂಕಿಗೆ ತುಂಬಿಸಿಟ್ರೆ ಅದೇ ಬ್ಯಾಟರಿ. ಹಳೇ ಡೀಸೆಲ್ ಪಂಪು ಒಂದು ಗಂಟೆಗೆ ಒಂದು ಲೀಟರ್ ಕುಡೀತದೆ, ಒಂದು ಲೀಟರಿಗೆ 2.7 ಕಿಲೋ ಇಂಗಾಲದ ಡೈಆಕ್ಸೈಡ್, ಅದನ್ನು ಗುಜರಿಗೆ ಹಾಕ್ಲಿಕ್ಕೆ ಇದಕ್ಕಿಂತ ಒಳ್ಳೇ ಕಾರಣ ಸಿಗ್ಲಿಕ್ಕಿಲ್ಲ. ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪಿಗೆ ಸಬ್ಸಿಡಿ ಉಂಟು, ಕೇರಳದಲ್ಲಿ ಅದನ್ನು ನೋಡಿಕೊಳ್ಳುದು ಅನೆರ್ಟ್, ರಾಜ್ಯದ ನವೀಕರಿಸಬಹುದಾದ ಇಂಧನದ ಸಂಸ್ಥೆ. ಆದ್ರೆ ನಿಮ್ಮದು ಕೃಷಿ ಕನೆಕ್ಷನ್ ಆಗಿದ್ದು ಕೃಷಿ ಭವನದ ಮೂಲಕ ಉಚಿತ ಕರೆಂಟ್ ಸಿಗ್ತಾ ಇದ್ರೆ ಪಂಪಿಗೆ ಸೋಲಾರ್ ಹಾಕಿ ನಿಮ್ಮ ಕಿಸೆಗೆ ಬರುದು ಏನೂ ಇಲ್ಲ, ಕಲ್ಲಿದ್ದಲಿಗೆ ಮಾತ್ರ ನಷ್ಟ. ಉಚಿತ ಅನ್ನುವ ಶಬ್ದ ಇಂಥ ಲೆಕ್ಕವನ್ನೆಲ್ಲ ಕೆಡಿಸಿ ಹಾಕಿದೆ, ಅದು ಬೇರೆ ಕತೆ.

ಹಾಗೇ ಕೇಳ್ತೇನೆ, ನಿಮ್ಮ ಗುಡ್ಡೆಯಲ್ಲಿ ಸುರಂಗ ಉಂಟಾ? ನಮ್ಮ ಅಜ್ಜಂದಿರು ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ತೋಡಿ ನೀರು ತಂದ್ರು, ಅದು ತನ್ನಷ್ಟಕ್ಕೆ ಇಳಿದು ಬಂದು ಕೆರೆ ತುಂಬ್ತದೆ, ಪಂಪೂ ಇಲ್ಲ ಬಿಲ್ಲೂ ಇಲ್ಲ. ಇರುವ ಸುರಂಗವನ್ನು ಹೂಳು ತೆಗೆಸದೆ ಬಿಟ್ಟು ಬೋರ್‌ವೆಲ್ ಹೊಡೆಸಿ ಆಮೇಲೆ ಆ ಬೋರ್‌ವೆಲ್ಲಿಗೆ ಸೋಲಾರ್ ಸಬ್ಸಿಡಿ ಕೇಳುವವರು ನನ್ನ ಹತ್ರ ಬಂದಾಗ ಏನು ಹೇಳುದು ಅಂತ ಗೊತ್ತಾಗುದಿಲ್ಲ.

ಗಾಳಿ ಬಗ್ಗೆ ನನ್ನದೇ ಒಂದು ಪೆದ್ದುತನ ಹೇಳ್ತೇನೆ. ಸುಮಾರು ವರ್ಷದ ಹಿಂದೆ ಒಬ್ಬ ಮಾರುವವ ಬಂದು ಮನೆ ಮೇಲೆ ಇಡುವ ಗಾಳಿಯಂತ್ರ ತೋರಿಸಿದ, ಕಿಲೋವಾಟ್ ಅಂತ ಬೋರ್ಡಲ್ಲೇ ಬರ್ದಿತ್ತು. ನಾನು ಇಂಜಿನಿಯರ್ ಆಗಿಯೂ ಆಸೆಗೆ ಬಿದ್ದು ತೆಗೊಂಡೆ. ಜೂನಲ್ಲಿ ಎರಡು ದಿನ ಹುಚ್ಚು ಹಿಡಿದ ಹಾಗೆ ತಿರುಗಿತು, ಸದ್ದಿಗೆ ಮನೆಯವರು ನಿದ್ದೆ ಮಾಡ್ಲಿಲ್ಲ, ಆಮೇಲೆ ವರ್ಷ ಇಡೀ ಕಾಗೆ ಕೂರ್ಲಿಕ್ಕೆ ಆಯ್ತು. ಕಾರಣ ಪಾಠದಲ್ಲೇ ಉಂಟು: ಗಾಳಿಯ ಶಕ್ತಿ ಏರಿಳಿಯುದು ವೇಗದ ಘನದ ಲೆಕ್ಕದಲ್ಲಿ, ವೇಗ ಎರಡು ಪಟ್ಟಾದ್ರೆ ಶಕ್ತಿ ಎಂಟು ಪಟ್ಟು, ವೇಗ ಅರ್ಧ ಆದ್ರೆ ಎಂಟರಲ್ಲಿ ಒಂದು. ತೋಟದ ಮಧ್ಯದ ಮನೆಯ ಮಾಡಿನ ಎತ್ತರದಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ಗಾಳಿ ಇದ್ರೆ, ಎರಡು ಮೀಟರ್ ಅಗಲದ ಯಂತ್ರ ಕೊಡುದು 9 ವಾಟ್, ಒಂದು ಎಲ್‌ಇಡಿ ಬಲ್ಬ್. ಭಾವ ಇದ್ರಲ್ಲಿ ಪೂರ್ತಿ ಸರಿ, ನಿಮ್ಮಲ್ಲಿ ಗಾಳಿ ಬೇಡ.

ಆದ್ರೆ ದೇಶದ ಲೆಕ್ಕಕ್ಕೆ ಬಂದ್ರೆ ಭಾವ ಒಂದು ದೊಡ್ಡ ವಿಷಯ ಮರೀತಾರೆ. ನಮ್ಮಲ್ಲಿ ಮೋಡ ಕವಿದು ಸೋಲಾರ್ ಮಲಗುವ ಜೂನ್‌ನಿಂದ ಸೆಪ್ಟೆಂಬರಿನಲ್ಲೇ ಕನ್ಯಾಕುಮಾರಿ ಹತ್ರ ಮುಪ್ಪಂದಲ್, ಪಾಲ್ಘಾಟ್ ಕಡೆಯ ಕಂಜಿಕೋಡ್, ಇತ್ಲಾಗೆ ಚಿತ್ರದುರ್ಗ ಗದಗ ಈ ಕಡೆಯೆಲ್ಲ ಗಾಳಿಯಂತ್ರಗಳು ಹಗಲು ರಾತ್ರಿ ತಿರುಗುದು. ಮೋಡ ತರುವ ಅದೇ ಮಳೆಗಾಳಿ ಅಲ್ಲಿ ಕರೆಂಟ್ ಮಾಡ್ತದೆ. ಒಂದು ಕೆಳಗಿಳಿದಾಗ ಇನ್ನೊಂದು ಮೇಲೆ, ಏತದ ಹಾಗೆ. ಬೇರೆ ಬೇರೆ ಊರಿನ ಬೇರೆ ಬೇರೆ ಮೂಲವನ್ನು ಲೈನಿನಲ್ಲಿ ಕಟ್ಟಿದ್ರೆ ಮಾತ್ರ ಈ ಆಟ ನಡೀತದೆ, ಅದಕ್ಕೇ ದೊಡ್ಡ ಟ್ರಾನ್ಸ್‌ಮಿಷನ್ ಲೈನ್ ಬೇಕು, ಉಡುಪಿ-ಕಾಸರಗೋಡು 400 ಕೆವಿ ಲೈನಿಗೆ ತೋಟ ಹೋಗ್ತದೆ ಅಂತ ಜನ ಎದ್ದು ನಿಂತದ್ದೂ ಇದೇ ಗಂಟಿನ ಇನ್ನೊಂದು ತುದಿ. ನೂರು ವರ್ಷ ಫಲ ಕೊಟ್ಟ ತೋಟದ ಮೇಲೆ ತಂತಿ ಎಳೀತೇವೆ ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರೀತದೆ, ಅವರನ್ನು ಅಭಿವೃದ್ಧಿ ವಿರೋಧಿ ಅಂತ ನಾನಂತೂ ಹೇಳುದಿಲ್ಲ.

ನೀರು. ನಾನು ಈ ಉತ್ತರ ಬರೀಲಿಕ್ಕೆ ಕೂತದ್ದೇ ಇದಕ್ಕೆ ಅಂದ್ರೂ ತಪ್ಪಲ್ಲ. ಕೇರಳದ 44 ಹೊಳೆಯಲ್ಲಿ 12 ನಮ್ಮ ಜಿಲ್ಲೆಯಲ್ಲೇ ಉಂಟು, ಕರೆಂಟ್ ಮಾಡುವ ದೊಡ್ಡ ಡ್ಯಾಮ್ ಒಂದೂ ಇಲ್ಲ, ಇನ್ನು ಆಗುದೂ ಬೇಡ. ದೊಡ್ಡ ಡ್ಯಾಮ್ ಅಂದ್ರೆ ಕಾಡು ಮುಳುಗಿಸುದು, ಸೈಲೆಂಟ್ ವ್ಯಾಲಿಯಲ್ಲಿ ಅದನ್ನು ಬೇಡ ಅಂದು 1984ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದ್ರು. ಇರುವ ಡ್ಯಾಮುಗಳಿಗೆ ಈಗ ಹೊಸ ಕೆಲಸ ಉಂಟು, ಹಗಲು ಸೋಲಾರ್ ಬರುವಾಗ ಗೇಟ್ ಮುಚ್ಚಿ ನೀರು ಉಳಿಸಿ ಸಂಜೆ ಬಿಡುದು, ಅದಕ್ಕಿಂತ ಒಳ್ಳೇ ಬ್ಯಾಟರಿ ಇಲ್ಲ.

ನಾನು ಹೇಳುದು ನಿಮ್ಮ ತೋಟದ ಬದಿಯ ತೋಡು. ಗುಡ್ಡೆ ಮೇಲಿಂದ ಇಳಿದು ಬರುವ ತೋಡಿನ ನೀರನ್ನು ಮೇಲೆ ಒಂದು ಸಣ್ಣ ಕಟ್ಟ ಕಟ್ಟಿ ಪೈಪಿಗೆ ಹಾಕಿ ಕೆಳಗೆ ಒಂದು ಪುಟ್ಟ ಟರ್ಬೈನಿಗೆ ಹೊಡೆಸುದು. ಮಲೆನಾಡಲ್ಲಿ ಲೈನ್ ಬಾರದ ಒಂಟಿ ಮನೆಗಳಲ್ಲಿ ಇದನ್ನು ಎಷ್ಟೋ ವರ್ಷದಿಂದ ಮಾಡ್ತಾ ಇದ್ದಾರೆ. ಲೆಕ್ಕ ಸುಲಭ, ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ, ಎರಡನ್ನೂ ಗುಣಿಸಿ ಐದರಿಂದ ಗುಣಿಸಿ, ಅಷ್ಟು ವಾಟ್, ನಷ್ಟ ಎಲ್ಲ ಕಳೆದು. ಸೆಕೆಂಡಿಗೆ 5 ಲೀಟರ್, 20 ಮೀಟರ್ ಎತ್ತರ ಅಂದ್ರೆ 500 ವಾಟ್. ಅರ್ಧ ಕಿಲೋವಾಟಾ, ಇಷ್ಟೇನಾ ಅಂತ ಮಗ ಮೂಗು ಮುರೀಬಹುದು. ಅವನಿಗೆ ಹೇಳಿ, ಸೋಲಾರ್ ಹಾಗೆ ಇದು ಸಂಜೆ ಮನೆಗೆ ಹೋಗುದಿಲ್ಲ, 24 ಗಂಟೆ ಓಡ್ತದೆ, ದಿನಕ್ಕೆ 12 ಯೂನಿಟ್. ನಿಮ್ಮ 3 ಕಿಲೋವಾಟ್ ಸೋಲಾರಿನ ಸರಾಸರಿಯೂ ಅದೇ 12! ಮತ್ತೆ ಇದು ಬರುದು ಯಾವಾಗ, ಜೂನಿಂದ ನವೆಂಬರ್, ಸೋಲಾರ್ ಸೋಲುವ ತಿಂಗಳು, ಮರ ಬಿದ್ದು ಲೈನ್ ಹೋಗುವ ತಿಂಗಳು. ಡಿಸೆಂಬರಿಗೆ ತೋಡು ಬತ್ತಿದಾಗ ಬಿಸಿಲು ಬಂದಿರ್ತದೆ. ಕಸ ಕಟ್ಟುದು, ಅಡಿಕೆ ಹಾಳೆ ಬಂದು ಪೈಪಿನ ಬಾಯಿ ಮುಚ್ಚುದು, ದೊಡ್ಡ ಮಳೆಗೆ ಕಟ್ಟ ಕೊಚ್ಚಿ ಹೋಗುದು, ಈ ತಲೆನೋವೆಲ್ಲ ಉಂಟು, ಕೊಡೆ ಹಿಡ್ಕೊಂಡು ಹೋಗಿ ಜಾಲರಿ ತೆಗೀಲಿಕ್ಕೆ ಸೋಮಾರಿಗಳಿಗೆ ಆಗುದಿಲ್ಲ. ನೀರನ್ನು ಕುಡಿಯುದಿಲ್ಲ ಅದು, ಬಳಸಿ ಪುನಃ ತೋಡಿಗೇ ಬಿಡುದು, ಆದ್ರೂ ಕೆಳಗಿನ ತೋಟದವರ ಹತ್ರ ಮೊದ್ಲೇ ಒಂದು ಮಾತು ಹೇಳಿ, ತೋಡಿನ ನೀರಿನ ಜಗಳ ಮೂರು ತಲೆಮಾರು ನಡೀತದೆ.

ಗೋಬರ್ ಗ್ಯಾಸ್ ಕರೆಂಟಿಗೆ ಅಲ್ಲ, ಒಲೆಗೆ. ಒಂದು ಕಿಲೋ ಸೆಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್, 1,000 ಲೀಟರ್ ಗ್ಯಾಸ್ ಅಂದ್ರೆ 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ದಿನಕ್ಕೆ 50 ಕಿಲೋ ಸೆಗಣಿ ಇದ್ರೆ ತಿಂಗಳಿಗೆ ಎರಡು ಸಿಲಿಂಡರಿಗೆ ಸ್ವಲ್ಪ ಕಮ್ಮಿ. ಜರ್ಸಿ ದನ ನಾಲ್ಕೈದು ಇದ್ರೆ ಆಯ್ತು, ನಮ್ಮ ಕಾಸರಗೋಡು ಗಿಡ್ಡ ಆದ್ರೆ ಹತ್ತಾದ್ರೂ ಬೇಕು, ಅದು ತಿನ್ನುದೂ ಕಮ್ಮಿ ಹಾಕುದೂ ಕಮ್ಮಿ. ಸ್ಲರಿ ಅಡಿಕೆ ಬುಡಕ್ಕೆ. ದನ ಇರುವವರಿಗೆ ನಾನು ಎರಡನೇ ಮಾತೇ ಆಡುದಿಲ್ಲ, ಮಾಡಿ ಅಂತೇನೆ, ಬಿಸಿಲು ಮಳೆ ಎರಡೂ ನೋಡದೆ, ಬೇಕಾದಾಗ ಉರಿಯುವ ನವೀಕರಿಸಬಹುದಾದ ಇಂಧನ ನಿಮ್ಮ ಹಟ್ಟಿಯಲ್ಲೇ ಉಂಟು. ದನ ಇಲ್ಲದೆ ಸೆಗಣಿ ತಂದು ಮಾಡುದು ಮಾತ್ರ ಬೇಡ.

ಸಮುದ್ರ ಹತ್ರವೇ ಉಂಟಲ್ಲ ಅಂತ ಕೇಳುವವರಿಗೆ, ತಿರುವನಂತಪುರದ ಹತ್ರ ವಿಳಿಞಂನಲ್ಲಿ 1991ರಲ್ಲೇ ಅಲೆಯಿಂದ ಕರೆಂಟ್ ಮಾಡುವ 150 ಕಿಲೋವಾಟಿನ ಪ್ರಯೋಗ ಮಾಡಿದ್ರು, ಉಪ್ಪು ನೀರಿನ ಜೊತೆ ಕಬ್ಬಿಣದ ಸಂಸಾರ ಕಷ್ಟ. ಕೈಗಾದ ಅಣು ಸ್ಥಾವರ ಹಗಲು ರಾತ್ರಿ ಓಡ್ತದೆ, ಹೊಗೆ ಇಲ್ಲ, ಆದ್ರೆ ಅದು ನವೀಕರಿಸುವಂಥದ್ದಲ್ಲ, ನಿಮ್ಮ ನಿರ್ಧಾರದ ಒಳಗೂ ಬರುದಿಲ್ಲ.

ಈಗ ಭಾವನ ಮೂಲ ಪ್ರಶ್ನೆ, ದೊಡ್ಡ ಮಟ್ಟದಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಇವು ನಿಲ್ತವಾ. ರೇಟಿನಲ್ಲಿ ಆ ಜಗಳ ಮುಗಿದಿದೆ. 2010ರಲ್ಲಿ ಸೋಲಾರ್ ಮಿಷನ್ ಶುರುವಾದಾಗ ಯೂನಿಟಿಗೆ ಹತ್ತು ರೂಪಾಯಿ ಮೇಲಿತ್ತು, 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಇಳೀತು. ಹೊಗೆಯಲ್ಲೂ ಹೋಲಿಕೆಯೇ ಇಲ್ಲ, ಗಣಿಯಿಂದ ಗುಜರಿವರೆಗೆ ಎಲ್ಲ ಸೇರಿಸಿ ಯೂನಿಟಿಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆ ಬಿಡ್ತದೆ, ಸೋಲಾರ್ 40ರಿಂದ 50, ಗಾಳಿ 11-12, ಇದು ಹವಾಮಾನದ ಅಂತರರಾಷ್ಟ್ರೀಯ ತಜ್ಞರ ಸಮಿತಿ 2014ರಲ್ಲಿ ಕೊಟ್ಟ ಲೆಕ್ಕ. ಬಿಲ್ಲಲ್ಲಿ ಕಾಣದ ಖರ್ಚು ಅಂದ್ರೆ ಏನು ಅಂತ, ಗೇರು ತೋಟದ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಹೊಯ್ದದ್ದನ್ನು ನೋಡಿದ ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳ್ಬೇಕಾಗಿಲ್ಲ.

ಉಳಿದಿರುವ ಜಗಳ ರಾತ್ರಿಯದ್ದು. 2024ರ ಮೇಯಲ್ಲಿ ಸೆಖೆಗೆ ಎಲ್ಲರೂ ಎಸಿ ಹಾಕಿ ಕೇರಳದ ಪೀಕ್ ಲೋಡ್ 5,700 ಮೆಗಾವಾಟ್ ದಾಟಿತು, ಅದು ರಾತ್ರಿ ಹೊತ್ತಿಗೆ, ಪೈವಳಿಕೆಯ ಪ್ಯಾನೆಲುಗಳೆಲ್ಲ ಕತ್ತಲೆಯಲ್ಲಿದ್ದಾಗ. ಅದಕ್ಕೆ ಉತ್ತರ ನಮ್ಮ ಮೈಲಾಟಿಯಲ್ಲೇ ಕಾಣ್ಲಿಕ್ಕೆ ಶುರುವಾಗಿದೆ. ಅಲ್ಲಿ ಒಂದು ಕಾಲದಲ್ಲಿ ಎಣ್ಣೆ ಉರಿಸಿ 20 ಮೆಗಾವಾಟ್ ಮಾಡುವ ಪ್ಲಾಂಟ್ ಇತ್ತು, ಈಗ ಅದೇ ಮೈಲಾಟಿಯ ಸಬ್‌ಸ್ಟೇಷನ್ ಹತ್ರ 125 ಮೆಗಾವಾಟಿನ ಬ್ಯಾಟರಿ ಯೋಜನೆ, ನಾಲ್ಕು ಗಂಟೆ ಕೊಡುವಂಥದ್ದು, ಒಟ್ಟು 5 ಲಕ್ಷ ಯೂನಿಟ್ ಹಗಲು ತುಂಬಿಸಿ ರಾತ್ರಿ ಬಿಡುದು. ನಾಲ್ಕು ಗಂಟೆ ಅಂದ್ರೆ ಒಂದು ಸಂಜೆ ದಾಟಿಸ್ಲಿಕ್ಕೆ ಸಾಕು, ಎಂಟು ದಿನ ಬಿಡದ ಮಳೆ ದಾಟಿಸ್ಲಿಕ್ಕೆ ಸಾಲದು. ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ ಕಲ್ಲಿದ್ದಲು ನಾಳೆ ಹೋಗುದಿಲ್ಲ, ಮೊದ್ಲು ಹಗಲಿನಿಂದ ಹೋಗ್ತದೆ, ಆಮೇಲೆ ಸಂಜೆಯಿಂದ, ಕೊನೆಗೆ ಉಳಿಯುದು ಜುಲೈ ತಿಂಗಳ ರಾತ್ರಿ, ಅದನ್ನು ಗಾಳಿ ಮತ್ತೆ ನೀರು ಹಂಚಿಕೊಳ್ಬೇಕು.

ಜಾಗದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಮೆಗಾವಾಟಿಗೆ ಐದು ಎಕರೆ ಬೇಕು. ಪಾವಗಡದಲ್ಲಿ ಮಳೆ ಇಲ್ಲದ 13,000 ಎಕರೆ, ರೈತರಿಂದ ಲೀಸಿಗೆ ತೆಗೊಂಡು 2,050 ಮೆಗಾವಾಟ್ ಮಾಡಿದ್ರು, ಭೂಮಿ ರೈತರ ಹೆಸರಲ್ಲೇ ಉಳೀತು. ನಮ್ಮ ಮುರಕಲ್ಲಿನ ಪದವುಗಳನ್ನು, ಅಂದ್ರೆ ಗುಡ್ಡೆ ಮೇಲಿನ ಬಯಲುಗಳನ್ನು, ಸರ್ಕಾರದ ಕಾಗದದಲ್ಲಿ ಪಾಳು ಅಂತ ಬರೀತಾರೆ, ಅದು ಪಾಳಲ್ಲ, ಮಳೆ ನೀರು ಇಂಗುದು ಅಲ್ಲೇ, ಕೆಳಗಿನ ಸುರಂಗಕ್ಕೂ ಬಾವಿಗೂ ನೀರು ಬರುದು ಅಲ್ಲಿಂದಲೇ, ದನ ಮೇಯುದೂ ಅಲ್ಲೇ. ಅದಕ್ಕೇ ಮೊದ್ಲು ಮಾಡು ತುಂಬ್ಲಿ, ಶಾಲೆ, ಆಸ್ಪತ್ರೆ, ಗೋಡೌನ್, ಎಲ್ಲ ಮಾಡೂ ತುಂಬಿದ ಮೇಲೆ ಪದವಿನ ಮಾತು ಆಡುವ ಅಂತ ನನ್ನ ಹಠ.

ನೀವು ಮಾಡ್ಬೇಕಾದ್ದು ಇಷ್ಟು. ಫ್ಯಾನ್ ಈ ತಿಂಗಳೇ ಬದಲಾಯಿಸಿ. ಸಾಲಕ್ಕೆ ಅವಸರ ಬೇಡ, ಸಿಲಿಂಡರ್ ಬಿಡುವ ಮನಸ್ಸು ಮನೆಯವರಿಗೆ ಉಂಟಾ ಕೇಳಿ, ಅಡಿಗೆ ಮಾಡುದು ನೀವಲ್ಲ ಅಂತ ಅಂದ್ಕೊಂಡಿದ್ದೇನೆ. ಉಂಟು ಅಂದ್ರೆ 3, ಇಲ್ಲ ಅಂದ್ರೆ 2 ಕಿಲೋವಾಟ್. ಮತ್ತೆ ಮಳೆ ಹಿಡಿದು ಹದಿನೈದು ದಿನ ಆದ ಮೇಲೆ 20 ಲೀಟರಿನ ಬಕೆಟ್ ತೆಗೊಂಡು ತೋಡಿಗೆ ಹೋಗಿ, ನೀರು ಒಂದೇ ಕಡೆ ಬೀಳುವ ಹಾಗೆ ಬಾಳೆದಂಡು ಅಡ್ಡ ಹಾಕಿ ಬಕೆಟ್ ಹಿಡೀರಿ, ತುಂಬ್ಲಿಕ್ಕೆ ಎಷ್ಟು ಸೆಕೆಂಡ್ ಆಯ್ತು ಅಂತ ಮಗನ ಮೊಬೈಲಲ್ಲಿ ನೋಡಿ, ನಾಲ್ಕು ಸೆಕೆಂಡಿಗೆ ತುಂಬಿದ್ರೆ ಸೆಕೆಂಡಿಗೆ 5 ಲೀಟರ್ ಆಯ್ತು. ಸೆಪ್ಟೆಂಬರಲ್ಲಿ ಒಮ್ಮೆ, ನವೆಂಬರಲ್ಲಿ ಒಮ್ಮೆ ಪುನಃ ಅಳೀರಿ. ಎತ್ತರ ಅಳೀಲಿಕ್ಕೆ ಉದ್ದದ ಪಾರದರ್ಶಕ ಪೈಪಲ್ಲಿ ನೀರು ತುಂಬಿಸಿ ಮೇಸ್ತ್ರಿಗಳು ಮಟ್ಟ ನೋಡ್ತಾರಲ್ಲ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳೀರಿ. ಮೂರು ತಿಂಗಳ ನೀರು, ಎತ್ತರ, ಕಟ್ಟದಿಂದ ಮನೆಗೆ ಇರುವ ದೂರ, ಇಷ್ಟು ಬರ್ದು ಕಳಿಸಿ, ಯಾವ ಸೈಜಿನ ಪೈಪು ಅಂತ ಆಗ ಹೇಳ್ತೇನೆ.